ಖಾಲಿ ರಸ್ತೆಗಳ ಟ್ರೇಸರು

ಸತ್ತವರ ವಿಷಯದಲ್ಲಿ ಒಳ್ಳೆಯ ಮಾತನ್ನೇ ಆಡಬೇಕು ಎಂಬ ಸಭ್ಯತೆ ನಮ್ಮಲ್ಲಿದೆ. ಮೈಸೂರಿನ ಶ್ರೀರಾಂಪುರದ ಆ ಮನೆಯ ಮುಂದಿನ ಶಾಮಿಯಾನದಲ್ಲಿ ಹನ್ನೊಂದನೆಯ ದಿನದ ಊಟಕ್ಕೆ ಬಂದಿದ್ದ ಮೂವತ್ತು ಜನ ಆ ಸಭ್ಯತೆಯನ್ನು ಚೆನ್ನಾಗಿಯೇ ಪಾಲಿಸಿದರು. ಒಬ್ಬರು ಶಿಸ್ತಿನ ಮನುಷ್ಯ ಎಂದರು. ಅವರ ಜೊತೆ ಒಂದೇ ಕಚೇರಿಯಲ್ಲಿ ಇಪ್ಪತ್ತು ವರ್ಷ ಕುಳಿತಿದ್ದ ಇನ್ನೊಬ್ಬರು, ಇರುವೆಗೂ ನೋವು ಮಾಡಿದವರಲ್ಲ ಎಂದರು. ಇರುವೆಗೆ ಮಾಡಿರಲಾರರು. ಇರುವೆಗೆ ಮಾತು ಅರ್ಥವಾಗುವುದಿಲ್ಲ, ಅರ್ಥವಾಗದವರ ಮೇಲೆ ಅವರು ಮಾತು ಖರ್ಚು ಮಾಡುತ್ತಿರಲಿಲ್ಲ. ನನ್ನ ಸರದಿ ಬಂದಾಗ ನಾನೂ, ದೊಡ್ಡವರು, ನಮಗೆಲ್ಲ ದಾರಿ ತೋರಿಸಿದವರು ಎಂದೇನೋ ಹೇಳಿ ಬಾಳೆ ಎಲೆಯ ಮುಂದೆ ಕುಳಿತೆ. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಹೇಳುವುದಿಲ್ಲ. ನಾವು ಅವರನ್ನು ಹೆಸರಿನಿಂದ ಕರೆದವರೂ ಅಲ್ಲ. ಟ್ರೇಸರ್ ಸಾರ್ ಎನ್ನುತ್ತಿದ್ದೆವು. ನೀರಾವರಿ ಕಚೇರಿಯೊಂದರಲ್ಲಿ ಅವರ ಹುದ್ದೆಯೇ ಅದು. ಎಂಜಿನಿಯರುಗಳು ಬರೆದ ನಕ್ಷೆಯ ಮೇಲೆ ತೆಳುವಾದ ಟ್ರೇಸಿಂಗ್ ಹಾಳೆ ಹರಡಿ, ಕೆಳಗೆ ಕಾಣುವ ಗೆರೆಯನ್ನೇ ಮೇಲೆ ಕಪ್ಪು ಶಾಯಿಯಲ್ಲಿ ತಿದ್ದುವ ಕೆಲಸ. ಸ್ವಂತದ್ದೊಂದು ಗೆರೆ ಎಳೆಯುವ ಅಧಿಕಾರ ಇಡೀ ನೌಕರಿಯಲ್ಲಿ ಅವರಿಗೆ ಸಿಗಲಿಲ್ಲ. ಆ ಸೇಡನ್ನು ಅವರು ಭಾನುವಾರಗಳಲ್ಲಿ ತೀರಿಸಿಕೊಳ್ಳುತ್ತಿದ್ದರು. ಮೈಸೂರಿನ ಸುತ್ತ ಮೋಟಾರು ಓಡಾಡದ ರಸ್ತೆಗಳು ಯಾವುವೋ ಅವುಗಳನ್ನು ಮಾತ್ರ ಬರೆದ ನಕ್ಷೆಗಳು ಅವರ ಮನೆಯಲ್ಲಿದ್ದವು. ಆ ನಕ್ಷೆಗಳಲ್ಲಿ ಬೆಂಗಳೂರು ರಸ್ತೆ ಇಲ್ಲ, ಹುಣಸೂರು ರಸ್ತೆ ಇಲ್ಲ, ಬಸ್ ನಿಲ್ದಾಣವಂತೂ ಇಲ್ಲವೇ ಇಲ್ಲ. ನಾಲೆಯ ಏರಿ, ತೇಗದ ತೋಪಿನ ನಡುವಿನ ಮಣ್ಣು ದಾರಿ, ಬೆಟ್ಟದ ಹಿಂಬದಿಯ ಎತ್ತಿನ ಜಾಡು, ಕಾಡಿನೊಳಗಿನ ಹಳೆಯ ಟಾರು ರಸ್ತೆ, ಇಷ್ಟೇ. ಅಕ್ಷರಗಳು ಮಾತ್ರ ಅಚ್ಚು ಹೊಡೆದ ಹಾಗೆ ಇರುತ್ತಿದ್ದವು.

ತೊಂಬತ್ತರ ದಶಕದ ನಡುವೆ ನಾನೂ ಗುರುಸ್ವಾಮಿಯೂ ಮೈಸೂರಿನ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಅಕ್ಕಪಕ್ಕದ ಲೇತ್‌ಗಳಲ್ಲಿ ನಿಂತು ಕೆಲಸ ಮಾಡುತ್ತಿದ್ದೆವು. ಗುರುಸ್ವಾಮಿ ಎಂಬುದು ಅವನ ನಿಜವಾದ ಹೆಸರಲ್ಲ. ಅವನು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೋ, ಓದಿದರೂ ತಿಳಿಯದಿರಲಿ ಎಂದು ಹೆಸರು ಬದಲಿಸಿದೆನೋ, ನನಗೇ ಸ್ಪಷ್ಟವಿಲ್ಲ. ಅವನ ಮನೆಯವರು ಮಠಕ್ಕೆ ನಡೆದುಕೊಳ್ಳುವವರು. ಅಣ್ಣ ಪಾತ್ರೆ ಅಂಗಡಿ ನೋಡಿಕೊಳ್ಳುತ್ತಿದ್ದರು, ಇವನೊಬ್ಬ ಕಾರ್ಖಾನೆಗೆ ಬಂದಿದ್ದ. ಒಂದು ಭಾನುವಾರ ನಾವಿಬ್ಬರೂ ಸುಮ್ಮನೆ ಸೈಕಲ್ ತುಳಿದುಕೊಂಡು ಇಲವಾಲದವರೆಗೆ ಹೋಗಿ ಟೀ ಕುಡಿಯುತ್ತಿದ್ದೆವು. ಪಕ್ಕದ ಬೆಂಚಿನಲ್ಲಿ ಐವತ್ತರ ಆಸುಪಾಸಿನ, ಒಣಗಿದ ನುಗ್ಗೇಕಾಯಿಯಂಥ ಮನುಷ್ಯರೊಬ್ಬರು ಮೂರು ನಾಲ್ಕು ಜನರನ್ನು ಕೂರಿಸಿಕೊಂಡು ಏನೋ ಬೈಯುತ್ತಿದ್ದರು. ಅವರದು ಡಬಲ್ ಬಾರಿನ ಹಳೆಯ ಕರಿ ಸೈಕಲ್ಲು. ಅದಕ್ಕೆ ಬೆಲ್ ಇರಲಿಲ್ಲ.

"ಬೆಲ್ ಬಿದ್ದೋಗದೆ ಸಾರ್," ಎಂದೆ, ಮಾತಿಗೆ.

"ಬಿದ್ದಿಲ್ಲ, ಬಿಚ್ಚಿದ್ದೀನಿ. ಬೆಲ್ ಬೇಕಾಗೋದು ಜನ ಇರೋ ಕಡೆ ಹೋಗೋರಿಗೆ." ಮೇಲಿಂದ ಕೆಳಗೆ ನೋಡಿದರು. "ಮೈಸೂರಿಂದ ಇಲ್ಲಿಗೆ ಬರೋಷ್ಟರಲ್ಲಿ ಎಷ್ಟು ಲಾರಿ ಎದುರಾದವು?"

ನಾನು ನೋಡಿರಲಿಲ್ಲ. ಗುರುಸ್ವಾಮಿ, "ಹದಿನೇಳು ಸಾರ್," ಎಂದ. ಅವನು ಎಲ್ಲವನ್ನೂ ಗಮನಿಸುವವನು.

"ನಮ್ಮ ಜೊತೆ ಖಾಲಿ ರಸ್ತೆಗೆ ನೀವು ಬರಬಹುದು," ಎಂದು ಅವನಿಗೆ ಹೇಳಿದರು. ಆಮೇಲೆ ನನ್ನತ್ತ ಬೆರಳು ಮಾಡಿ, "ಇದನ್ನೂ ಕರ್ಕೊಂಡು ಬನ್ನಿ, ಟಿಫನ್ ಕ್ಯಾರಿಯರ್ ಹೊರೋದಕ್ಕಾಗುತ್ತೆ," ಎಂದರು. ನಾನು ನಕ್ಕೆ. ತಮಾಷೆಯಲ್ಲ ಎಂದು ತಿಳಿಯುವ ಹೊತ್ತಿಗೆ ಕ್ಯಾರಿಯರ್ ನನ್ನ ಹ್ಯಾಂಡಲಿನಲ್ಲಿ ನೇತಾಡುತ್ತಿತ್ತು. ಮುಂದಿನ ಮೂರು ವರ್ಷ ಅದನ್ನು ನಾನೇ ಹೊತ್ತೆ.

ಒಂದು ತಿಂಗಳೊಳಗೆ ಎಲ್ಲರಿಗೂ ಒಂದೊಂದು ಹೆಸರು ಬಿತ್ತು. ನಾನು ಷಿಫ್ಟು. ಗುರುಸ್ವಾಮಿ ಸ್ವಾಮಿಗಳು. ನಮ್ಮ ಜೊತೆಗಿದ್ದ ಬ್ಯಾಂಕಿನ ಗುಮಾಸ್ತರೊಬ್ಬರಿಗೆ ವಿಪರೀತ ಬೆವರು, ಅವರು ಅಭಿಷೇಕ. ಈ ಅಭಿಷೇಕದವರ ಸೈಕಲ್ ಒಂದು ಸಲ ತೇಗದ ತೋಪಿನ ನಡುವೆ ಪಂಕ್ಚರ್ ಆಯಿತು. ಹತ್ತಿರದ ಊರಿಗೆ ಆರು ಮೈಲಿ, ಮಧ್ಯಾಹ್ನದ ಬಿಸಿಲು. ಟ್ರೇಸರ್ ಸಾರ್ ತಿರುಗಿ ನೋಡಿದರು, ನಿಲ್ಲಲಿಲ್ಲ. "ಖಾಲಿ ರಸ್ತೆ ಬೇಕು ಅಂತ ಬಂದಿರಲ್ಲ, ನಿಮ್ಮೊಬ್ಬರಿಗೇ ಬಿಟ್ಟುಕೊಟ್ಟಿದ್ದೀವಿ, ಅನುಭವಿಸಿ," ಎಂದು ಕೂಗಿ ಮುಂದೆ ಹೋದರು. ನಾವೂ ಹೋದೆವು. ಊರಿಗೆ ಬಂದು ಎಳನೀರು ಕುಡಿಯುವಾಗ ಅವರು ಚೀಲದಿಂದ ಕರವಸ್ತ್ರ ತೆಗೆದರು. ಅದರ ಜೊತೆಗೆ ಪ್ಯಾಚಿನ ಡಬ್ಬಿ, ಸಲ್ಯೂಷನ್ ಟ್ಯೂಬು ಎರಡೂ ಹೊರಬಂದವು. ನಾವು ಎಳನೀರು ಕುಡಿಯುತ್ತಲೇ ಇದ್ದೆವು. ಗುರುಸ್ವಾಮಿ ಮಾತ್ರ ಎಳನೀರನ್ನು ಅರ್ಧಕ್ಕೇ ಇಟ್ಟು, ಡಬ್ಬಿ ಎತ್ತಿಕೊಂಡು ಬಂದ ದಾರಿಯಲ್ಲೇ ವಾಪಸು ಹೋದ. ಅವನು ಉಳಿಸಿದ್ದ ಎಳನೀರನ್ನು ನಾನು ಕುಡಿದೆ.

ಇಷ್ಟಾದರೂ ಯಾಕೆ ಹೋಗುತ್ತಿದ್ದಿರಿ ಎಂದು ಹೆಂಡತಿ ಈಗಲೂ ಕೇಳುತ್ತಾಳೆ. ವಾರವಿಡೀ ಕಿವಿ ತುಂಬ ಲೇತ್‌ನ ಸದ್ದು ತುಂಬಿಕೊಂಡವನಿಗೆ ಆ ರಸ್ತೆಗಳಲ್ಲಿ ತನ್ನ ಚೈನಿನ ಸದ್ದು ತನಗೆ ಕೇಳಿಸುವುದು ಎಂಥ ಸುಖ ಎಂದು ಅವಳಿಗೆ ವಿವರಿಸಲು ನನಗೆ ಆಗಿಲ್ಲ. ಬೆಳಗಿನ ಹೊತ್ತು ನಾಲೆಯ ಏರಿ ಹಿಡಿದರೆ ಹತ್ತು ಮೈಲಿಯವರೆಗೆ ಎದುರಿಗೆ ಬರುವುದು ಒಂದು ಎಮ್ಮೆ ಮಂದೆ. ಕಾಡಿನ ರಸ್ತೆಯಲ್ಲಿ ಬಿದಿರಿನ ಎಲೆ ಉದುರಿ ಟಾರೇ ಕಾಣುತ್ತಿರಲಿಲ್ಲ. ಆಗ ಆ ಕಡೆ ಕಾಡುಗಳ್ಳರ ಹೆದರಿಕೆ ಇತ್ತು, ಕತ್ತಲಾಗುವ ಮೊದಲೇ ಜನ ಊರು ಸೇರುತ್ತಿದ್ದರು. ಊರವರು ಹೆದರಿದಷ್ಟೂ ಟ್ರೇಸರ್ ಸಾರ್‌ಗೆ ಸಂತೋಷ. ಬಂದ್ ಎಂದು ಪೇಪರಿನಲ್ಲಿ ಬಂದರೆ ಅವರು ಹಿಂದಿನ ಸಂಜೆಯೇ ಮನೆ ಬಾಗಿಲಿಗೆ ಬಂದು, "ನಾಳೆ ನಮ್ಮ ಹಬ್ಬ ಕಣ್ರಯ್ಯ," ಎನ್ನುತ್ತಿದ್ದರು. ಯಾತಕ್ಕೆ ಬಂದ್ ಎಂದು ಒಂದು ಸಲವೂ ಕೇಳಿದವರಲ್ಲ.

ರಸ್ತೆಯೊಂದಕ್ಕೆ ಬಸ್ಸು ಬಂದರೆ ಅವರ ನಕ್ಷೆಯಲ್ಲಿ ಅದರ ಮೇಲೆ ಕೆಂಪು ಶಾಯಿಯ ಗೀಟು ಬೀಳುತ್ತಿತ್ತು. "ಸತ್ತೋಯ್ತು," ಎನ್ನುತ್ತಿದ್ದರು. ಹಾಗೆ ಒಂದು ಹಳ್ಳಿಗೆ ಮೊದಲ ಬಸ್ಸು ಬರುವ ದಿನ ನಾವು ಅಲ್ಲಿದ್ದೆವು, ಬೇಕೆಂದೇ ಕರೆದುಕೊಂಡು ಹೋಗಿದ್ದರು. ಬಸ್ಸಿನ ಮೂತಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಗಾಲಿಗೆ ನಿಂಬೆಹಣ್ಣು ಇಟ್ಟಿದ್ದರು. ಊರಿಗೆ ಊರೇ ಸೇರಿತ್ತು. ಟ್ರೇಸರ್ ಸಾರ್ ಸೈಕಲ್ ಹಿಡಿದುಕೊಂಡು ಒಬ್ಬ ಮುದುಕಿಯ ಪಕ್ಕ ನಿಂತು, ಕೇಳಿಸುವ ಹಾಗೆ, "ಇನ್ನು ನಿಮ್ಮೂರು ಕೆಟ್ಟೋಯ್ತು ಬಿಡಿ," ಎಂದರು.

ಮುದುಕಿ ತಿರುಗಿ ನೋಡಿದಳು. "ಯಾಕಪ್ಪ?"

"ಎಷ್ಟು ಚೆನ್ನಾಗಿ ಖಾಲಿ ಇತ್ತು ರಸ್ತೆ."

"ಊ ಕಣಪ್ಪ, ಕಾಲಿ ಇತ್ತು. ನನ್ ಸೊಸೆ ಎರಿಗೆ ನೋವು ತಿನ್ಕಂಡು ಎತ್ತಿನ್ ಗಾಡೀಲಿ ಓಯ್ತಿದ್ದಾಗ್ಲೂ ಕಾಲೀನೇ ಇತ್ತು. ಮುಂದ್ಕೂ ಯಾರೂ ಇಲ್ಲ, ಇಂದ್ಕೂ ಯಾರೂ ಇಲ್ಲ. ಅರ್ಧ ದಾರೀಲೇ ಓಗ್ಬುಟ್ಲು. ನಿಂಗೆ ಅಂತಾ ರೋಡ್ ಬೇಕಾ? ತಕೊಂಡೋಗು."

ನಾವೆಲ್ಲ ನೆಲ ನೋಡಿದೆವು. ಗುರುಸ್ವಾಮಿ ಮುದುಕಿಗೆ ಕೈಮುಗಿದ. ಟ್ರೇಸರ್ ಸಾರ್ ಜೇಬಿನಿಂದ ಕೆಂಪು ಪೆನ್ನು ತೆಗೆದು, ಸೈಕಲ್ಲಿನ ಸೀಟಿನ ಮೇಲೆ ಹಾಳೆ ಇಟ್ಟುಕೊಂಡು, ಆ ಮುದುಕಿಯ ಎದುರಿಗೇ ಆ ರಸ್ತೆಯ ಮೇಲೆ ಗೀಟು ಎಳೆದರು. ಗೆರೆ ಚೂರೂ ನಡುಗಲಿಲ್ಲ.

ಇನ್ನು ಎರಡು ಪದಗಳ ವಿಷಯ ಹೇಳಬೇಕು, ಎಲ್ಲ ಆದದ್ದು ಅವುಗಳಿಂದ. ಬೆಟ್ಟದ ರಸ್ತೆ ಇಳಿಯುವಾಗ ತಿರುವಿನಾಚೆ ಏನಿದೆ ಎಂದು ಕಾಣುವುದಿಲ್ಲ. ಆದ್ದರಿಂದ ಮುಂದಿನವರು, ಎಂದರೆ ಯಾವಾಗಲೂ ಅವರೇ, ತಿರುವಿಗೆ ಹೋಗಿ ನೋಡಿ ಒಂದು ಪದ ಕೂಗುತ್ತಿದ್ದರು. ಆಚೆ ಏನೂ ಇಲ್ಲದಿದ್ದರೆ 'ಖಾಲಿ'. ಏನಾದರೂ ಬರುತ್ತಿದ್ದರೆ 'ಗಾಡಿ'. ಹಿಂದಿನವನು ಅದನ್ನು ಕೇಳಿ ತನ್ನ ಹಿಂದಿನವನಿಗೆ ದಾಟಿಸಬೇಕು. ಖಾಲಿ ಎಂದರೆ ಬ್ರೇಕ್ ಮುಟ್ಟದೆ ತಿರುವಿನ ಒಳಗಿನಿಂದ ಕತ್ತರಿಸಿಕೊಂಡು ಹೋಗಬಹುದು, ಗಾಡಿ ಎಂದರೆ ಬ್ರೇಕ್ ಹಿಡಿದು ಎಡಕ್ಕೆ ಸರಿಯಬೇಕು.

ಗುರುಸ್ವಾಮಿ ಒಂದು ದಿನ ನಾಲೆಯ ಏರಿಯ ಮೇಲೆ ಚಪಾತಿ ತಿನ್ನುವಾಗ, "ಸಾರ್, ಗಾಳೀಲಿ ಎರಡೂ ಒಂದೇ ಥರ ಕೇಳ್ತದೆ. ಒಂದಕ್ಕಾದ್ರೂ ಬೇರೆ ಪದ ಇಟ್ಕೊಬಹುದಲ್ವಾ? ಒಂದ್ಸಲ ಸಿಳ್ಳೆ ಹೊಡೆದ್ರೂ ಸಾಕು," ಎಂದ.

"ಪದದ್ದು ತಪ್ಪಲ್ಲ ಸ್ವಾಮಿಗಳೇ, ನಾಲಿಗೇದು. ಖ ಮಹಾಪ್ರಾಣ. ನಿಮ್ಮ ಈ ಷಿಫ್ಟಿನ ಬಾಯಲ್ಲಿ ಅದು 'ಕಾಲಿ' ಆಗುತ್ತೆ. ಬನ್ರಯ್ಯ ಇಲ್ಲಿ."

ಚೀಲದಿಂದ ಟ್ರೇಸಿಂಗ್ ಹಾಳೆಯ ಒಂದು ಪಟ್ಟಿ ಹರಿದರು. ಒಬ್ಬೊಬ್ಬರ ಬಾಯ ಮುಂದೆಯೂ ಹಿಡಿದು 'ಖಾಲಿ' ಅನ್ನಿಸಿದರು. ಹೊಟ್ಟೆಯಿಂದ ಉಸಿರು ಬಂದರೆ ಹಾಳೆ ಅಲುಗಬೇಕು. ಗುರುಸ್ವಾಮಿಗೆ ಮಠದಲ್ಲಿ ವಚನ ಹೇಳಿ ಅಭ್ಯಾಸ, ಅವನ ಮುಂದೆ ಹಾಳೆ ಪಟಪಟ ಅಂದಿತು. ನನ್ನ ಮುಂದೆ ಅಲ್ಲಾಡಲಿಲ್ಲ. ಹತ್ತು ಸಲ ಅನ್ನಿಸಿದರು, ಇಪ್ಪತ್ತು ಸಲ ಅನ್ನಿಸಿದರು. ನಾಲೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. "ಹೊಟ್ಟೆಗೆ ಅನ್ನ ತಾನೆ ತಿನ್ನೋದು? ಉಸಿರು ಎಲ್ಲಿ ಹೋಯ್ತು?" ಎಂದರು. ಕೊನೆಗೆ ಆ ಪಟ್ಟಿಯನ್ನು ನನ್ನ ಶರಟಿನ ಜೇಬಿಗೆ ತುರುಕಿ, "ಮನೇಲಿ ಕನ್ನಡಿ ಮುಂದೆ ಮಾಡು," ಎಂದರು. ಆ ಹೆಂಗಸರಲ್ಲಿ ಒಬ್ಬಳು ನಕ್ಕದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಟ್ರೇಸರ್ ಸಾರ್ ಅವರನ್ನು ನಾನು ಮನಸಾರೆ ದ್ವೇಷಿಸಲು ಶುರು ಮಾಡಿದ್ದು ಅವತ್ತು. ಹೇಳಿಬಿಡುತ್ತೇನೆ, ಮುಂದಿನದನ್ನು ಓದುವಾಗ ಇದು ತಿಳಿದಿರಬೇಕು.

ಅದಾಗಿ ಕೆಲವು ತಿಂಗಳಿಗೆ ಚಾಮರಾಜನಗರದ ಆಚೆಯ ಬೆಟ್ಟಸಾಲಿಗೆ ಹೋದೆವು. ಬಸ್ಸಿನ ಟಾಪಿನ ಮೇಲೆ ಸೈಕಲ್ ಹಾಕಿಕೊಂಡು ಹೋಗಿ, ಹತ್ತುವುದನ್ನು ಅರ್ಧ ತಳ್ಳಿ ಅರ್ಧ ತುಳಿದು ಮುಗಿಸಿದೆವು. ಆ ಸಲ ಬಂದವರು ಮೂವರೇ. ಇಳಿಯುವಾಗ ಅವರು ಮುಂದೆ, ನಾನು ನಡುವೆ, ಗುರುಸ್ವಾಮಿ ಹಿಂದೆ. ಬಿಸಿಲು ಕಾಡಿನೊಳಗೆ ಚೂರು ಚೂರಾಗಿ ಬಿದ್ದಿತ್ತು. ಮೊದಲ ತಿರುವು ಖಾಲಿ. ಎರಡನೆಯದು ಖಾಲಿ. ಹೀಗೆ ಹತ್ತು ತಿರುವು. ಅವರು 'ಖಾಲಿ' ಎನ್ನುವುದು, ನಾನು 'ಕಾಲಿ' ಎನ್ನುವುದು, ಹಿಂದಿನಿಂದ ಗುರುಸ್ವಾಮಿ ಸಂತೋಷಕ್ಕೆ ಕೇಕೆ ಹಾಕುವುದು. ಅಂಥ ಇಳಿಜಾರನ್ನು ನಾನು ಮತ್ತೆ ಕಾಣಲಿಲ್ಲ.

ಹನ್ನೊಂದನೆಯ ತಿರುವಿನಲ್ಲಿ ಅವರು 'ಗಾಡಿ' ಎಂದರು.

ನನಗೆ ಕೇಳಿಸಿತು. ಗಾಳಿ, ದೂರ, ಮಹಾಪ್ರಾಣ ಎಂದೆಲ್ಲ ಎಷ್ಟು ವರ್ಷ ನನಗೆ ನಾನೇ ಹೇಳಿಕೊಂಡರೂ ಕೇಳಿಸಿದ್ದು ನಿಜ. ನನ್ನ ಎರಡು ಕೈಯೂ ಬ್ರೇಕ್ ಹಿಡಿದವು, ಸೈಕಲ್ಲು ಎಡಕ್ಕೆ ಸರಿಯಿತು. ಬಾಯಿ ಮಾತ್ರ ಹತ್ತು ಸಲದ ರೂಢಿಗೆ ಹಿಂದಕ್ಕೆ 'ಕಾಲಿ' ಎಂದು ಕೂಗಿತು. ರೂಢಿಯೇ ಇರಬೇಕು. ಬೇರೆ ಏನಾದರೂ ಇತ್ತೇ ಎಂದು ನಾನು ಬಹಳ ಆಳಕ್ಕೆ ಇಳಿದು ನೋಡಿಲ್ಲ. ಗುರುಸ್ವಾಮಿ ನನ್ನ ಬಲಗಡೆಯಿಂದ ತಿರುವು ಕತ್ತರಿಸಿಕೊಂಡು ನುಗ್ಗಿದ. ನಾನು ಅಂಚಿಗೆ ಸರಿದು ಬ್ರೇಕ್ ಹಿಡಿದಿರುವುದನ್ನು ಕಂಡು, ಹೆದರಿಕೊಂಡಿದ್ದೇನೆ ಎಂದು ತಿಳಿದು, ನನ್ನ ಕಡೆ ನೋಡಿ ನಗುತ್ತಲೇ ಹೋದ. ಕೆಳಗೆ ರಸ್ತೆಯ ಎಡ ಅಂಚಿನಲ್ಲಿ ಟ್ರೇಸರ್ ಸಾರ್ ಕಾಲೂರಿ ನಿಂತು ಮೇಲಕ್ಕೆ ನೋಡುತ್ತಿದ್ದರು. ಅವರಿಗೆ ನಾನೂ ಕಂಡೆ, ನನ್ನ ಬ್ರೇಕೂ ಕಂಡಿತು.

ಬಿದಿರು ತರಲು ಮೇಲಕ್ಕೆ ಹೋಗುತ್ತಿದ್ದ ಲಾರಿ. ನಿಧಾನಕ್ಕೇ ಬರುತ್ತಿದ್ದುದರಿಂದ ಗುರುಸ್ವಾಮಿಯ ಜೀವ ಉಳಿಯಿತು, ಎಡಗಾಲಿನ ಮಂಡಿ ಪುಡಿಯಾಯಿತು. ಅದೇ ಲಾರಿಯಲ್ಲಿ ಅವನನ್ನು ಮಲಗಿಸಿಕೊಂಡು ಬಂದೆವು. ಚಾಮರಾಜನಗರದ ಆಸ್ಪತ್ರೆಯ ಗೇಟಿನ ಹತ್ತಿರ ಪೊಲೀಸಿನವರೊಬ್ಬರು ಡ್ರೈವರನ್ನು, "ಲೋಡ್ ಇತ್ತೇನಯ್ಯ?" ಎಂದು ಕೇಳಿದರು. ಅವನು ಕೈಮುಗಿದು, "ಇಲ್ಲ ಸ್ವಾಮಿ, ಖಾಲಿ ಗಾಡಿ," ಎಂದ. ನನಗೆ ನಗು ಬಂತು. ತಡೆಯಲಾಗದೆ ಗೋಡೆಯ ಕಡೆ ತಿರುಗಿ ಕೆಮ್ಮಿದೆ. ಪೊಲೀಸಿನವರು ನಾನು ಅಳುತ್ತಿದ್ದೇನೆಂದು ತಿಳಿದು ಬೆನ್ನು ಸವರಿದರು.

ಮೈಸೂರಿಗೆ ತಂದ ಮೇಲೆ ಆಪರೇಷನ್ ನಡೆಯುತ್ತಿತ್ತು. ಗುರುಸ್ವಾಮಿಯ ಅಣ್ಣ ಅಂಗಡಿಯಿಂದ ಹಾಗೆಯೇ ಓಡಿ ಬಂದಿದ್ದರು. ಒಳಗೆ ಹೋಗುವ ಮೊದಲು ತಮ್ಮ ಅವರಿಗೆ ಅಷ್ಟು ಹೇಳಿದ್ದ. "ರಸ್ತೆ ಖಾಲಿ ಅಂತ ಕೂಗಿದ್ರಂತೆ. ಯಾವನ್ರೀ ಅಂಗೆ ಅಂದೋನು?" ಎಂದು ಕೇಳಿದರು.

ಟ್ರೇಸರ್ ಸಾರ್ ನನ್ನನ್ನು ನೋಡಿದರು. ಅವಸರವಿಲ್ಲದೆ, ಶಾಯಿ ಒಣಗಿದೆಯೋ ಇಲ್ಲವೋ ಎಂದು ಗೆರೆಯನ್ನು ನೋಡುವ ಹಾಗೆ ನೋಡಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

"ನಾನೇ ಅಂದೆ," ಎಂದರು.

ಅಣ್ಣ ಹೊಡೆದ ಏಟಿಗೆ ಕನ್ನಡಕ ಬೆಂಚಿನ ಕೆಳಗೆ ಹೋಯಿತು. ಬಗ್ಗಿ ಎತ್ತಿಕೊಟ್ಟವನು ನಾನು. ಅದನ್ನು ಶರಟಿನ ತುದಿಯಿಂದ ಒರೆಸಿ ಹಾಕಿಕೊಂಡು ಹೊರಗೆ ನಡೆದರು. ನಾನೂ ಹಿಂದೆ ಹೋದೆ. ಏನು ಹೇಳಲು ಹೋದೆನೋ ಗೊತ್ತಿಲ್ಲ. ಸೈಕಲ್ ಸ್ಟ್ಯಾಂಡಿನ ಹತ್ತಿರ ತಿರುಗಿ, ಬಹಳ ಮೆತ್ತಗೆ, "ಬ್ರೇಕ್ ಚೆನ್ನಾಗಿ ಹಿಡಿದೆ ಕಣೋ ಷಿಫ್ಟು," ಎಂದರು.

ಅವರು ಯಾಕೆ ಹಾಗೆ ಮಾಡಿದರು? ದೊಡ್ಡತನ ಎಂದು ಒಪ್ಪಿಕೊಳ್ಳಲು ನನಗೆ ಇಷ್ಟವಿಲ್ಲ. ಅವರ ರಸ್ತೆಯಲ್ಲಿ ಆದದ್ದು ಒಳ್ಳೆಯದೋ ಕೆಟ್ಟದ್ದೋ ಅವರದೇ ಆಗಬೇಕಿತ್ತು, ಟಿಫನ್ ಕ್ಯಾರಿಯರ್ ಹೊರುವವನಿಗೆ ಅದರಲ್ಲಿ ಪಾಲು ಕೊಡಲು ಅವರು ತಯಾರಿರಲಿಲ್ಲ, ಹೀಗೆಂದೇ ನಾನು ಅಂದುಕೊಂಡಿದ್ದೇನೆ. ಇನ್ನೊಂದು ಕಾರಣವೂ ಇರಬಹುದು. ಗುರುಸ್ವಾಮಿ ಬೇರೆ ಪದ ಬೇಕು ಎಂದಾಗ ಗೇಲಿ ಮಾಡಿದ್ದು ಅವರಿಗೆ ನೆನಪಾಗಿರಬೇಕು. ಅದೇನೇ ಇರಲಿ, ನನ್ನನ್ನು ಉಳಿಸಿದ್ದಕ್ಕೆ ಬಾಡಿಗೆಯನ್ನು ಅವರು ಕೊನೆಯವರೆಗೂ ವಸೂಲು ಮಾಡಿದರು. ಎಲ್ಲಿ ಸಿಕ್ಕಿದರೂ ಒಂದೇ ಪ್ರಶ್ನೆ.

"ಬ್ರೇಕ್ ಹೆಂಗಿದೆ?"

ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುವಾಗ ಹಿಂದಿನಿಂದ ಕೇಳುತ್ತಿದ್ದರು. ಕಾರ್ಖಾನೆಯ ಬಸ್ಸಿಗೆ ಕಾಯುತ್ತಾ ನಿಂತಾಗ, ಸೈಕಲ್ ನಿಧಾನ ಮಾಡಿ ಕೇಳಿಕೊಂಡು ಹೋಗುತ್ತಿದ್ದರು. ನನ್ನ ಮದುವೆಗೆ ನಾನು ಕರೆದಿರಲಿಲ್ಲ. ಸಾಲಿನಲ್ಲಿ ನಿಂತು ಬಂದು, ನನ್ನ ಹೆಂಡತಿಯ ತಲೆಗೆ ಅಕ್ಷತೆ ಹಾಕಿ, ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು. "ಅವರು ಸೈಕಲ್ ಶಾಪಿನವರಾ?" ಎಂದು ಅವಳು ವಿಚಾರಿಸಿದಳು. ಹೌದು ಎಂದೆ. ಅವಳಿಗೆ ಹೇಳಿದ ಮೊದಲ ಸುಳ್ಳು ಅದು.

ಗುಂಪು ಒಡೆದು ಹೋಯಿತು. ಮಂಡಿ ಮುರಿಯುವ ಕಡೆಗೆ ಕರೆದೊಯ್ಯುವವರ ಹಿಂದೆ ಯಾರು ಹೋಗುತ್ತಾರೆ? ಅವರು ಒಬ್ಬರೇ ತುಳಿದರು. ಗುರುಸ್ವಾಮಿಯ ಕಾಲು ಕೋಲಿನ ಹಾಗೆ ನೆಟ್ಟಗಾಯಿತು, ಮಡಿಸಲು ಬರುವುದಿಲ್ಲ. ಕಾರ್ಖಾನೆಯವರು ಲೇತ್ ಬಿಡಿಸಿ ಸ್ಟೋರಿನಲ್ಲಿ ಕೂರಿಸಿದರು. ಅದನ್ನು ಅವನು ಸಹಿಸಿಕೊಂಡ. ಸಹಿಸದೆ ಹೋದದ್ದು ಮಠದ ಪಂಕ್ತಿಯನ್ನು. ಎಲ್ಲರೂ ನೆಲದ ಮೇಲೆ ಸಾಲಾಗಿ ಕುಳಿತರೆ ಇವನಿಗೆ ಕೊನೆಯಲ್ಲಿ ಒಂದು ಸ್ಟೂಲು, ಎಲೆಗೆ ಇನ್ನೊಂದು ಸ್ಟೂಲು. ಒಂದು ಸಲ ನಾನೂ ಹೋಗಿದ್ದೆ, ಅವನ ಚಾಚಿದ ಕಾಲಿನ ಪಕ್ಕದಲ್ಲೇ ನನ್ನ ಎಲೆ ಇತ್ತು. ಅವನು ಊಟ ಮಾಡದೆ ಕಲಸುತ್ತಾ, "ಸ್ವಾಮಿಗಳೂ ಕೆಳಗೆ ಕೂತವ್ರೆ, ನಾನು ಮೇಲೆ ಕೂತಿವ್ನಿ. ಆ ಮನುಷ್ಯನಿಂದ ನಂಗಿದು ಬಂತು ಕಣೋ. ಅವನು ಸತ್ರೂ ನಾನು ಮುಖ ನೋಡಕ್ಕೋಗಲ್ಲ," ಎಂದ. ಗುರುಸ್ವಾಮಿ ಯಾರನ್ನೂ ಬೆನ್ನ ಹಿಂದೆ ಏಕವಚನದಲ್ಲಿ ಕರೆದ ಹುಡುಗನಲ್ಲ. ನಾನು, "ಹೌದು ಕಣೋ," ಎಂದು ಪಾಯಸಕ್ಕೆ ಕೈ ಹಾಕಿದೆ.

ವರ್ಷಗಳು ಹೋದವು. ಟ್ರೇಸರ್ ಸಾರ್ ನಿವೃತ್ತರಾಗಿ ಶ್ರೀರಾಂಪುರದ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿಕೊಂಡರು. ಊರು ಬೆಳೆದು, ಅವರ ನಕ್ಷೆಯ ರಸ್ತೆಗಳ ಮೇಲೆ ಒಂದೊಂದಾಗಿ ಕೆಂಪು ಗೀಟು ಬಿದ್ದಿರಬೇಕು. ಆಮೇಲೆ ಹೊಟ್ಟೆಯ ಕಾಯಿಲೆ ಬಂದು ಹಾಸಿಗೆ ಹಿಡಿದರು. ಒಂದು ದಿನ ಅವರ ಹೆಂಡತಿ ನಮ್ಮ ಮನೆಗೆ ಫೋನ್ ಮಾಡಿದರು.

"ನಿಮ್ಮ ಸ್ನೇಹಿತರಿದಾರಲ್ಲ, ಕಾಲು ಹೋದೋರು, ಅವರನ್ನ ಒಂದ್ಸಲ ಕರ್ಕೊಂಡು ಬನ್ನಿ ಅಂತಿದಾರೆ. ಏನೋ ಹೇಳಬೇಕಂತೆ."

ಏನು ಹೇಳಬೇಕಾಗಿರಬಹುದು ಎಂದು ನನಗೆ ಗೊತ್ತಿತ್ತು. ಗುರುಸ್ವಾಮಿಗೆ ವಿಷಯ ಮುಟ್ಟಿಸಿದೆ, ಮುಟ್ಟಿಸದಿದ್ದರೆ ಅವರು ಬೇರೆ ಯಾರ ಕೈಯಲ್ಲಾದರೂ ಹೇಳಿಕಳಿಸುತ್ತಿದ್ದರು. ಅವನು, "ಸಾಯೋ ಮನುಷ್ಯ ಕರೀತಿದಾರೆ. ಓಗೋದಾ?" ಎಂದ. ಅವನ ಬಾಯಲ್ಲಿ ಬಹುವಚನ ವಾಪಸು ಬಂದಿತ್ತು.

"ಮಹಡಿ ಮನೆ ಕಣೋ," ಎಂದೆ. "ಇಪ್ಪತ್ತು ಮೆಟ್ಟಿಲವೆ, ಕಂಬಿ ಬೇರೆ ಇಲ್ಲ. ನಿನ್ನ ಕಾಲಿಗೆ ಆಗಲ್ಲ ಬುಡು. ನಾನು ಹೇಳ್ತೀನಿ."

ನಾನೊಬ್ಬನೇ ಹೋದೆ. ಒಂದೇ ಅಂತಸ್ತಿನ ಮನೆ. ಮುಂದಿನ ಕೋಣೆಯಲ್ಲೇ ಮಂಚ ಹಾಕಿದ್ದರು. ನುಗ್ಗೇಕಾಯಿ ಈಗ ಬರಿಯ ನಾರಾಗಿತ್ತು. ನನ್ನ ಹಿಂದೆ ಬಾಗಿಲ ಕಡೆ ನೋಡಿದರು.

"ಸ್ವಾಮಿಗಳು?"

"ಬರಲ್ಲ ಅಂದ ಸಾರ್. ಮುಖ ನೋಡಲ್ಲ ಅಂದ."

ಎರಡನೆಯ ಮಾತನ್ನು ಗುರುಸ್ವಾಮಿ ಹೇಳಿದ್ದು ನಿಜ, ಎಷ್ಟೋ ವರ್ಷದ ಹಿಂದೆ. ಅವರು ಕಣ್ಣು ಮುಚ್ಚಿದರು. "ಸರಿ ಬಿಡು," ಎಂದರು. ಹೊರಡುವಾಗ, ಕೇಳುತ್ತಾರೇನೋ ಎಂದು ಬಾಗಿಲಲ್ಲಿ ಒಂದು ಕ್ಷಣ ನಿಂತೆ. ಅವತ್ತು ಬ್ರೇಕಿನ ವಿಷಯ ಕೇಳಲಿಲ್ಲ. ನನಗೆ ಅದೊಂದು ಅವಮಾನವಾದ ಹಾಗೆ ಅನ್ನಿಸಿತು. ಹತ್ತು ದಿನಕ್ಕೆ ತೀರಿಕೊಂಡರು.

ಹನ್ನೊಂದನೆಯ ದಿನಕ್ಕೆ ಗುರುಸ್ವಾಮಿ ಬರುತ್ತಾನೆಂದು ನಾನು ಎಣಿಸಿರಲಿಲ್ಲ. ಆಟೋದಿಂದ ಕೋಲೂರಿಕೊಂಡು ಇಳಿದು, ಮನೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ಅವನು ಎಲ್ಲವನ್ನೂ ಗಮನಿಸುವವನು ಎಂದೆನಲ್ಲ.

"ಮೆಟ್ಟಿಲೇ ಇಲ್ಲವಲ್ಲೋ."

"ಆಗ ಬೇರೆ ಕಡೆ ಇದ್ದರು," ಎಂದೆ. ಅವನು ಕೋಲೂರಿಕೊಂಡು ಶಾಮಿಯಾನದ ಕಡೆ ನಡೆದ.

ಊಟವಾದ ಮೇಲೆ ಅವರ ಹೆಂಡತಿ ನಮ್ಮಿಬ್ಬರನ್ನೂ ಒಳಗೆ ಕರೆದರು. ಅಳು ಮುಗಿದ ಮುಖ. "ಮೂವತ್ತೈದು ವರ್ಷ ಸಂಸಾರ ಮಾಡಿದೆ. ಒಂದು ಸಲ ಸೈಕಲ್ ಮೇಲೆ ಕೂರಿಸ್ಕೊಂಡು ಹೋಗ್ಲಿಲ್ಲ, ಭಾರ ಆಗುತ್ತೆ ಅಂದ್ರು. ನನಗೆ ಏನೂ ಬರೆದಿಟ್ಟಿಲ್ಲ. ಇದನ್ನ ಮಾತ್ರ ನಿಮ್ಮಿಬ್ಬರ ಕೈಗೇ ಕೊಡಬೇಕು ಅಂದಿದ್ರು," ಎಂದು ಒಂದು ಸುರುಳಿ ಕೊಟ್ಟು ಹೊರಗೆ ಹೋದರು.

ಟ್ರೇಸಿಂಗ್ ಹಾಳೆ. ಮೇಲಿನ ಅಂಚನ್ನು ನಾನು ಎತ್ತಿ ಹಿಡಿದೆ, ಕೆಳಗಿನದನ್ನು ಗುರುಸ್ವಾಮಿ ಹಿಡಿದು ಕುರ್ಚಿಯಲ್ಲಿ ಕುಳಿತ. ಹಾಸಿಗೆಯಲ್ಲಿ ಮಲಗಿಯೇ ಬರೆದಿರಬೇಕು, ಗೆರೆಗಳು ನಡುಗಿದ್ದವು. ಅವರು ನಡುಗಿಸಿ ಬರೆದದ್ದನ್ನು ನಾನು ಮೊದಲ ಸಲ ನೋಡಿದೆ. ಒಂದೇ ಒಂದು ರಸ್ತೆ. ಬೆಟ್ಟದಿಂದ ಇಳಿಯುವ ರಸ್ತೆ, ಅದರ ತಿರುವುಗಳು, ಪ್ರತಿ ತಿರುವಿನ ಪಕ್ಕದಲ್ಲೂ ಪುಟ್ಟ ಅಕ್ಷರದಲ್ಲಿ ಒಂದೊಂದು ಪದ. ಗುರುಸ್ವಾಮಿ ಬೆರಳಿಟ್ಟು ಓದಿದ. "ಖಾಲಿ. ಖಾಲಿ. ಖಾಲಿ." ಅವನ ಮಹಾಪ್ರಾಣ ಈಗಲೂ ಹಾಗೆಯೇ ಇತ್ತು. ಹತ್ತು ಸಲ ಖಾಲಿ ಎಂದವನು ಹನ್ನೊಂದನೆಯ ತಿರುವಿನಲ್ಲಿ ಬೆರಳು ನಿಲ್ಲಿಸಿದ.

"ಗಾಡಿ," ಎಂದು ಓದಿದ.

ಹೊರಗೆ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು.

"ಇದು ಅಲ್ಲಿ ಇದ್ದದ್ದನ್ನ ಬರೆದಿರೋದಾ, ಇಲ್ಲ ಅವರು ಕೂಗಿದ್ದನ್ನ ಬರೆದಿರೋದಾ?" ತಲೆ ಎತ್ತಿ ನನ್ನ ಮುಖ ನೋಡಿದ. "ನಿಜ ಹೇಳು. ಅವತ್ತು ಅವರು ಏನಂದ್ರು? ನಂಗೆ ಕೇಳ್ಸಿದ್ದು ನಿನ್ನ ದನಿ ಮಾತ್ರ. ಅವರು ಅಂದದ್ದು ನಿಂಗೊಬ್ಬನಿಗೇ ಗೊತ್ತಿರೋದು."

ಹೇಳಬಹುದಾಗಿತ್ತು. ಹೊಡೆಯಲು ಅಣ್ಣ ಅಲ್ಲಿರಲಿಲ್ಲ, ಕೇಳಿಸಿಕೊಂಡು ನಗಲು ಸತ್ತವರಿರಲಿಲ್ಲ. ಅವನು ತನ್ನ ನೆಟ್ಟನೆಯ ಕಾಲನ್ನು ಮುಂದೆ ಚಾಚಿಕೊಂಡು, ನಾನು ಏನು ಹೇಳಿದರೂ ನಂಬಲು ಸಿದ್ಧನಾಗಿ ಕುಳಿತಿದ್ದ.

"ಖಾಲಿ ಅಂದ್ರು," ಎಂದೆ.

ಹೊಟ್ಟೆಯಿಂದ ಬಂತು. ಬಾಯ ಮುಂದೆ ಹಿಡಿದಿದ್ದ ಹಾಳೆಯ ಅಂಚು ಪಟಪಟ ಎಂದು ಅಲುಗಿತು.